ಮಳೆಯಿಲ್ಲದ ದಿನ ರಾಜಕಾಲುವೆ ನೋಡಿ: ಅರ್ಧ ಕಿಲೋಮೀಟರ್ ಕಾಯುವ ತಂಡಕ್ಕೊಂದು ಮಾರ್ಗದರ್ಶಿ

ಮಳೆ ಬಿದ್ದು ಮೂರು ದಿನ ಕಳೆದಿದೆ. ಆದರೂ ಬಡಾವಣೆಯ ಪಕ್ಕದ ರಾಜಕಾಲುವೆಯಲ್ಲಿ ಬೂದುಬಣ್ಣದ ನೀರು ಹರಿಯುತ್ತಲೇ ಇದೆ. ರಾಜಕಾಲುವೆ ಇರುವುದು ಮಳೆನೀರಿಗೆ. ಹಾಗಾದರೆ ಈ ನೀರು ಯಾರ ಮನೆಯದು, ಯಾವ ಪೈಪಿನದು? ಬೆಂಗಳೂರಿನಲ್ಲಿ ಕೆರೆ, ನದಿ ಉಳಿಸಲು ಹೊರಡುವವರು ಮೊದಲು ಕೇಳಬೇಕಾದ ಪ್ರಶ್ನೆ ಇದು. ಭಾನುವಾರ ಕೆರೆ ದಂಡೆಯಲ್ಲಿ ಪ್ಲಾಸ್ಟಿಕ್ ಆಯುವುದು ಒಳ್ಳೆಯ ಕೆಲಸವೇ. ಆದರೆ ಮೇಲಿನಿಂದ ಕೊಳಚೆ ಇಳಿಯುತ್ತಿರುವಷ್ಟು ದಿನ ದಂಡೆ ಎಷ್ಟು ಚೊಕ್ಕಟವಾದರೂ ನೀರು ಸುಧಾರಿಸದು. ಅದಕ್ಕೇ ಇಲ್ಲಿ ಕೆರೆಗಿಂತ ಕೆರೆಗೆ ನೀರು ತರುವ ದಾರಿಯ ಮಾತೇ ಹೆಚ್ಚು: ಆರೆಂಟು ಜನ, ಅರ್ಧ ಕಿಲೋಮೀಟರ್ ಕಾಲುವೆ, ಒಂದು ವರ್ಷದ ಲೆಕ್ಕ.

ನಿಮ್ಮ ನೀರು ಎತ್ತ ಹೋಗುತ್ತದೆ?

ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 900 ಮೀಟರ್ ಎತ್ತರದ ದಿಣ್ಣೆಯ ಮೇಲಿದೆ. ಹೊರಗಿನಿಂದ ನದಿ ಹರಿದು ಬರುವ ಊರಲ್ಲ ಇದು, ಇಲ್ಲಿ ಬಿದ್ದ ನೀರೇ ಹೊರಗೆ ಹರಿದು ನದಿಯಾಗುತ್ತದೆ. ಪಶ್ಚಿಮಕ್ಕೆ ಇಳಿದದ್ದು ವೃಷಭಾವತಿ ಸೇರಿ, ಬೈರಮಂಗಲ ಕೆರೆ ದಾಟಿ, ಅರ್ಕಾವತಿಗೆ, ಅಲ್ಲಿಂದ ಕಾವೇರಿಗೆ ಹೋಗುತ್ತದೆ. ಕೋರಮಂಗಲ–ಚಲ್ಲಘಟ್ಟ ಕಣಿವೆಯ ನೀರು ಬೆಳ್ಳಂದೂರು, ವರ್ತೂರು ಕೆರೆಗಳ ಮೂಲಕ ದಕ್ಷಿಣ ಪಿನಾಕಿನಿಗೆ. ಹೆಬ್ಬಾಳ ಕಣಿವೆಯದ್ದು ಎಲೆಮಲ್ಲಪ್ಪಶೆಟ್ಟಿ ಕೆರೆಯ ಹಾದಿಯಲ್ಲಿ ಅದೇ ಪಿನಾಕಿನಿಗೆ. ನಿಮ್ಮ ಬೀದಿಯ ಚರಂಡಿ ಈ ಮೂರರಲ್ಲಿ ಯಾವುದಕ್ಕೆ ಸೇರಿದ್ದು ಎಂಬುದನ್ನು ಮೊದಲ ದಿನವೇ ಗೊತ್ತುಮಾಡಿಕೊಳ್ಳಿ. ಕೆಳಗೆ ಆ ನೀರಿನಲ್ಲೇ ರಾಗಿ, ಸೊಪ್ಪು ಬೆಳೆಯುವವರಿದ್ದಾರೆ ಎಂಬುದು ತಂಡದ ಎಲ್ಲರ ಮನಸ್ಸಿನಲ್ಲಿರಲಿ.

ಮೊಬೈಲಿನಲ್ಲಿ ‘ದಿಶಾಂಕ್’ ಆ್ಯಪ್ ಹಾಕಿಕೊಳ್ಳಿ. ಕರ್ನಾಟಕ ಸರ್ಕಾರದ್ದು, ದುಡ್ಡು ಕೊಡಬೇಕಿಲ್ಲ. ನಿಂತ ಜಾಗದ ಸರ್ವೆ ನಂಬರ್ ತೋರಿಸುತ್ತದೆ. ಕಂದಾಯ ಇಲಾಖೆಯ ಹಳೆಯ ಗ್ರಾಮ ನಕ್ಷೆಯನ್ನೂ ತೆಗೆಸಿಕೊಂಡು ಎರಡನ್ನೂ ಪಕ್ಕದಲ್ಲಿಟ್ಟು ನೋಡಿ. ನಕ್ಷೆಯಲ್ಲಿ ಹಳ್ಳವೆಂದು ಗುರುತಿಸಿದ ಕಡೆ ಈಗ ರಸ್ತೆಯೋ ಕಾಂಪೌಂಡೋ ಇದ್ದರೆ ಬರೆದಿಟ್ಟುಕೊಳ್ಳಿ. ಹಳ್ಳ, ಕಾಲುವೆಗಳು ಸಾಮಾನ್ಯವಾಗಿ ‘ಬಿ ಖರಾಬು’ ಎಂದು ದಾಖಲಾಗಿರುತ್ತವೆ, ಅಂದರೆ ಸಾರ್ವಜನಿಕ ಜಮೀನು. ಈ ಒಂದು ಶಬ್ದ ತಿಳಿದಿದ್ದರೆ ತಹಶೀಲ್ದಾರ್ ಕಚೇರಿಯಲ್ಲಿ ಮಾತು ಬೇಗ ಮುಂದುವರಿಯುತ್ತದೆ.

ನಕ್ಷೆಗಿಂತ ಹಳೆಯದು ಹಳ್ಳಿಯವರ ನೆನಪು. ನಿಮ್ಮ ಬಡಾವಣೆ ಯಾವ ಊರಿನ ಜಮೀನಿನ ಮೇಲೆ ಎದ್ದಿದೆಯೋ ಆ ಊರಿನ ಹಿರಿಯರನ್ನು ಕಾಣಿ. ಕೆರೆಯ ತೂಬು (ನೀರು ಬಿಡುವ ಕಿಂಡಿ) ಎಲ್ಲಿತ್ತು, ಕೆರೆ ತುಂಬಿ ಕೋಡಿ ಬಿದ್ದರೆ ನೀರು ಯಾವ ಕೆರೆಗೆ ಹೋಗುತ್ತಿತ್ತು, ನೀರು ಹಂಚುವ ನೀರುಗಂಟಿ ಯಾರಿದ್ದರು ಎಂದು ಕೇಳಿ. ಕೆರೆಗಳು ಇಲ್ಲಿ ಸರಪಳಿಯಂತೆ ಒಂದರ ಕೋಡಿ ಇನ್ನೊಂದಕ್ಕೆ ಕಟ್ಟಿದವು. ನಡುವಿನ ಒಂದು ಕೊಂಡಿ ಹೋದರೆ ಏನಾಗುತ್ತದೆಂದು ಮೆಜೆಸ್ಟಿಕ್ ಬಸ್ ನಿಲ್ದಾಣದ ಸುತ್ತ ಜೋರು ಮಳೆಯಲ್ಲಿ ನೋಡಬಹುದು. ಅದು ಧರ್ಮಾಂಬುಧಿ ಕೆರೆಯ ಅಂಗಳ.

ತಂಡ ಮತ್ತು ಸಾಮಾನು

ಆರರಿಂದ ಎಂಟು ಜನ ಸಾಕು. ಐವತ್ತು ಜನರ ವಾಟ್ಸಾಪ್ ಗುಂಪಿಗಿಂತ ತಪ್ಪದೆ ಬರುವ ಆರು ಜನ ಮೇಲು. ಒಬ್ಬರು ಫೋಟೊ, ಒಬ್ಬರು ಪುಸ್ತಕ, ಇಬ್ಬರು ಅಳತೆ, ಒಬ್ಬರು ದೂರಿನ ಬೆನ್ನು ಹತ್ತುವ ಕೆಲಸ. ಉಳಿದವರ ಕಣ್ಣು ರಸ್ತೆಯ ಕಡೆಗೂ ಸುರಕ್ಷತೆಯ ಕಡೆಗೂ ಇರಲಿ. ತಿಂಗಳಿಗೆ ಎರಡು ನಡಿಗೆ, ಜೊತೆಗೆ ದೊಡ್ಡ ಮಳೆಯ ಮರುದಿನ ಒಂದು.

ಬೇಕಾದ್ದು: ಗಂಬೂಟು, ದಪ್ಪ ರಬ್ಬರ್ ಕೈಗವಸು, 10 ಲೀಟರ್ ಬಕೆಟ್, 15 ಮೀಟರ್ ನೈಲಾನ್ ಹಗ್ಗ, ಟೇಪು, ಸೆಂಟಿಮೀಟರ್ ಗುರುತು ಹಾಕಿದ ಉದ್ದನೆಯ ಪಿವಿಸಿ ಕೋಲು, ಸ್ಟಾಪ್‌ವಾಚ್, ಆಮ್ಲ–ಕ್ಷಾರ ತೋರಿಸುವ ಪಿಎಚ್ ಮೀಟರ್, ನೀರಿನ ವಿದ್ಯುತ್ ವಾಹಕತೆ ತೋರಿಸುವ ಇಸಿ ಮೀಟರ್, ಥರ್ಮಾಮೀಟರ್, ಮೀನಿನ ತೊಟ್ಟಿಗೆ ಬಳಸುವ ಅಮೋನಿಯ ಕಿಟ್, ನೀರಿನಲ್ಲಿ ಕರಗಿದ ಆಮ್ಲಜನಕ ಅಳೆಯುವ ಹನಿ ಕಿಟ್. ಸಾಬೂನು, ಕುಡಿಯುವ ನೀರು, ಪ್ರಥಮ ಚಿಕಿತ್ಸೆಯ ಡಬ್ಬಿ ಮರೆಯಬೇಡಿ.

ಒಂದು ನಿಯಮಕ್ಕೆ ವಿನಾಯಿತಿಯೇ ಇಲ್ಲ: ಕಾಲುವೆಯೊಳಗೆ ಯಾರೂ ಇಳಿಯಬಾರದು. ಎಲ್ಲ ಅಳತೆಯೂ ಮೋರಿಯ ಮೇಲಿನಿಂದ ಅಥವಾ ದಂಡೆಯಿಂದ, ಹಗ್ಗ ಕಟ್ಟಿದ ಬಕೆಟ್ಟಿನಿಂದ. ಮ್ಯಾನ್‌ಹೋಲ್ ಮುಚ್ಚಳ ತೆಗೆಯುವುದೂ ಬೇಡ, ಇಣುಕುವುದೂ ಬೇಡ. ಒಳಗಿನ ಹೈಡ್ರೋಜನ್ ಸಲ್ಫೈಡ್ ಗಾಳಿ ಒಂದೆರಡು ಉಸಿರಿನಲ್ಲೇ ಪ್ರಜ್ಞೆ ತಪ್ಪಿಸಬಲ್ಲದು. ಅಪಾಯದ ಮಟ್ಟ ಮುಟ್ಟಿದಾಗ ಅದರ ವಾಸನೆಯೂ ಮೂಗಿಗೆ ಗೊತ್ತಾಗುವುದಿಲ್ಲ. ಸಂಬಳ ಕೊಟ್ಟು ಬೇರೆಯವರನ್ನು ಇಳಿಸುವ ಯೋಚನೆಯೂ ಬೇಡ, ಕೈಯಿಂದ ಮಲ ಬಾಚುವ ಕೆಲಸವನ್ನು ನಿಷೇಧಿಸಿದ 2013ರ ಕಾಯ್ದೆ ಅದನ್ನು ಅಪರಾಧವೆಂದೇ ಹೇಳುತ್ತದೆ. ಕಾಲಿನಲ್ಲಿ ಗಾಯವಿದ್ದವರು ಅಂದು ಪುಸ್ತಕ ಹಿಡಿಯಲಿ, ಇಲಿಜ್ವರ ಹರಡುವುದು ಇಂಥ ನೀರಿನಿಂದಲೇ. ನಡಿಗೆಯ ನಂತರದ ಎರಡು ಮೂರು ವಾರಗಳಲ್ಲಿ ಜ್ವರ, ಮೀನಖಂಡದ ನೋವು, ಕಣ್ಣು ಕೆಂಪಾಗುವುದು ಕಂಡರೆ ವೈದ್ಯರಿಗೆ ‘ಚರಂಡಿ ನೀರಿನ ಬಳಿ ಕೆಲಸ ಮಾಡಿದ್ದೆ’ ಎಂದು ತಾವಾಗಿಯೇ ಹೇಳಬೇಕು. ಮಳೆ ಸುರಿಯುವಾಗ ದಂಡೆಗೇ ಹೋಗಬೇಡಿ. ಮೇಲೆಲ್ಲೋ ಸುರಿದ ಮಳೆ ಕಾಂಕ್ರೀಟ್ ಕಾಲುವೆಯಲ್ಲಿ ನಿಮಿಷಗಳಲ್ಲೇ ಇಳಿದುಬರುತ್ತದೆ, ನಿಮ್ಮ ತಲೆಯ ಮೇಲೆ ಬಿಸಿಲಿದ್ದರೂ.

ಒಣ ದಿನದ ನಡಿಗೆ

ಕನಿಷ್ಠ 72 ಗಂಟೆ ಮಳೆ ಬಿದ್ದಿರಬಾರದು. ಬೆಳಿಗ್ಗೆ ಏಳಕ್ಕೆ ಹೊರಡಿ. ಮನೆಗಳಲ್ಲಿ ಸ್ನಾನ, ಬಟ್ಟೆ, ಪಾತ್ರೆ ನಡೆಯುವ ಹೊತ್ತದು. ಕೊಳಚೆ ಅತಿ ಹೆಚ್ಚು ಹರಿಯುವುದು ಏಳರಿಂದ ಹತ್ತರೊಳಗೆ. ಕೆಳಗಿನ ತುದಿಯಿಂದ ಮೇಲಕ್ಕೆ ನಡೆಯಿರಿ. ಹಾಗೆ ಹೋದರೆ ನೀರು ಎಲ್ಲಿ ಒಮ್ಮೆಗೇ ತಿಳಿಯಾಯಿತು, ಎಲ್ಲಿ ವಾಸನೆ ನಿಂತಿತು ಎಂಬುದು ಕಣ್ಣಿಗೆ, ಮೂಗಿಗೆ ತಾನಾಗಿ ಗೊತ್ತಾಗುತ್ತದೆ. ತಿಳಿಯಾದ ಜಾಗಕ್ಕೂ ಅದರ ಕೆಳಗಿನ ಜಾಗಕ್ಕೂ ನಡುವೆ ಇರುವ ಪೈಪೇ ನಿಮಗೆ ಬೇಕಾದದ್ದು.

ಕಾಲುವೆಗೆ ಬಾಯಿಬಿಟ್ಟ ಪ್ರತಿ ಪೈಪಿಗೂ ಒಂದು ಸಂಖ್ಯೆ ಕೊಡಿ: ಎಡದಂಡೆಯವು ಎಡ-1, ಎಡ-2, ಬಲದಂಡೆಯವು ಬಲ-1, ಬಲ-2. ಎಡ–ಬಲ ಯಾವಾಗಲೂ ನೀರು ಹರಿಯುವ ದಿಕ್ಕಿಗೆ ಮುಖಮಾಡಿ ನಿಂತಾಗಿನದು. ಇದನ್ನು ಮೊದಲೇ ತೀರ್ಮಾನಿಸದಿದ್ದರೆ ಮೂರನೇ ತಿಂಗಳಿಗೆ ಲೆಕ್ಕವೆಲ್ಲ ಕಲಸುಮೇಲೋಗರ. ಒಣಗಿದ ಪೈಪುಗಳಿಗೂ ಸಂಖ್ಯೆ ಬೇಕು. ಇಂದು ಒಣಗಿದ್ದು ರಾತ್ರಿ ಹರಿಯಬಹುದು, ಅದರ ಕೆಳಗಿನ ಗೋಡೆಯ ಮೇಲೆ ಕಪ್ಪು ಲೋಳೆಯ ಗೆರೆ ಇದ್ದರೆ ಹರಿಯುತ್ತಿದೆ ಎಂದೇ ಅರ್ಥ. ಪ್ರತಿಯೊಂದಕ್ಕೂ ಎರಡು ಫೋಟೊ: ಒಂದು ಹತ್ತಿರದಿಂದ, ಒಂದು ಹಿಂದಿನ ಕಟ್ಟಡವೋ ಕಂಬವೋ ಕಾಣುವಂತೆ. ಹತ್ತಿರದ್ದು ಒಂದೇ ಇದ್ದರೆ ಜಾಗ ಯಾವುದೆಂದು ಇಂಜಿನಿಯರಿಗೆ ತಿಳಿಯುವುದಿಲ್ಲ. ಲೊಕೇಶನ್, ದಿನಾಂಕ ಫೋಟೊ ಮೇಲೇ ಬೀಳುವಂಥ ಆ್ಯಪ್ ಬಳಸಿ.

ನೀರಿನ ರೂಪವೇ ಅರ್ಧ ಕಥೆ ಹೇಳುತ್ತದೆ. ಹಾಲು ಬೆರೆಸಿದಂತೆ ಬೂದು ಇದ್ದರೆ ಮನೆಗಳ ಕೊಳಚೆ, ಇನ್ನೂ ಹೊಸದು. ಕಪ್ಪಾಗಿ ಕೊಳೆತ ಮೊಟ್ಟೆಯ ವಾಸನೆ ಬಂದರೆ ಆಮ್ಲಜನಕ ಮುಗಿದು ಬಹಳ ಹೊತ್ತು ನಿಂತದ್ದು. ಸುಣ್ಣದ ಬಿಳುಪಿದ್ದು ಪಿಎಚ್ 10 ದಾಟಿದ್ದರೆ ಕಟ್ಟಡ ಕೆಲಸದ ಸಿಮೆಂಟ್ ತೊಳೆದ ನೀರು. ಎಣ್ಣೆಯ ಬಣ್ಣದ ಪದರವಿದ್ದರೆ ಮೇಲೆ ಗ್ಯಾರೇಜ್ ಇದೆಯೇ ನೋಡಿ. ನೀಲಿಯೋ ಕೆಂಪೋ ಆಗಿ, ದಿನಕ್ಕೊಂದು ಬಣ್ಣವಾದರೆ ಬಣ್ಣ ಹಾಕುವ ಘಟಕ.

ತಿಳಿಯಾದ ನೀರು ಧಾರಾಕಾರ ಬರುತ್ತಿದ್ದರೆ ಇಲ್ಲೇ ಹೊಸ ತಂಡಗಳು ಎಡವುತ್ತವೆ. ಅದು ಸಂಸ್ಕರಿಸಿದ ನೀರಿರಬಹುದು, ಅಥವಾ ಹೊಸ ಕಟ್ಟಡದ ಬೇಸ್‌ಮೆಂಟಿನಿಂದ ಪಂಪ್ ಮಾಡಿದ ಅಂತರ್ಜಲವಿರಬಹುದು. ಅಮೋನಿಯ ಕಿಟ್ ಹಾಕಿ ನೋಡಿ: ಅಂತರ್ಜಲದಲ್ಲಿ ಬಣ್ಣ ಹಳದಿಯಲ್ಲೇ ಉಳಿಯುತ್ತದೆ, ಕೊಳಚೆಯಲ್ಲಿ ದಟ್ಟ ಹಸಿರಿಗೆ ತಿರುಗುತ್ತದೆ. ಈ ಕಿಟ್‌ಗಳು ಹೆಚ್ಚಾಗಿ ಲೀಟರಿಗೆ 8 ಮಿಲಿಗ್ರಾಂವರೆಗೆ ಮಾತ್ರ ಅಳೆಯುತ್ತವೆ. ಕೊಳಚೆಯಲ್ಲಿ ಅದಕ್ಕಿಂತ ಎಷ್ಟೋ ಹೆಚ್ಚಿರುತ್ತದೆ. ಆದ್ದರಿಂದ ಒಂದು ಪಾಲು ಮಾದರಿಗೆ ಒಂಬತ್ತು ಪಾಲು ಬಾಟಲಿ ನೀರು ಬೆರೆಸಿ, ಬಂದ ಅಂಕಿಯನ್ನು ಹತ್ತರಿಂದ ಗುಣಿಸಿ.

ದಂಡೆಯ ಮನೆಗಳವರನ್ನು ಮಾತಾಡಿಸದೆ ಮುಂದೆ ಹೋಗಬೇಡಿ. ಎಲ್ಲರಿಗಿಂತ ಮೊದಲು ವಾಸನೆ, ಸೊಳ್ಳೆ, ನೆರೆ ಅನುಭವಿಸುವವರು ಅವರೇ. ‘ಅಕ್ಕ, ನಿಮ್ಮ ಮನೆ ಪೈಪ್ ಎಲ್ಲಿಗೆ ಬಿಟ್ಟಿದ್ದೀರ?’ ಎಂದು ಶುರುಮಾಡಿದರೆ ಬಾಗಿಲು ಮುಚ್ಚುತ್ತದೆ. ‘ಅಕ್ಕ, ಇಲ್ಲಿ ಯಾವ ಹೊತ್ತಿಗೆ ವಾಸನೆ ಜಾಸ್ತಿ?’ ಎಂದು ಕೇಳಿ. ರಾತ್ರಿ ಎರಡು ಗಂಟೆಗೆ ಟ್ಯಾಂಕರ್ ಬಂದು ಶೌಚಗುಂಡಿಯ ನೀರು ಸುರಿದು ಹೋಗುತ್ತದೆ ಎಂಬಂಥ ವಿಷಯ ನಿಮ್ಮ ಯಾವ ಮೀಟರಿನಿಂದಲೂ ತಿಳಿಯುವುದಿಲ್ಲ.

ಎಷ್ಟು ನೀರು? ಲೆಕ್ಕ ಹಾಕಿ

‘ತುಂಬಾ ಕೊಳಚೆ ಬರ್ತಿದೆ’ ಎಂಬ ದೂರಿಗೆ ತೂಕವಿಲ್ಲ. ‘ದಿನಕ್ಕೆ 34,000 ಲೀಟರ್’ ಎಂದರೆ ಕಡತ ತೆರೆಯುತ್ತದೆ.

ಸಣ್ಣ ಪೈಪಿಗೆ ಬಕೆಟ್ ಸಾಕು. 10 ಲೀಟರ್ ತುಂಬಲು 25 ಸೆಕೆಂಡ್ ಆದರೆ ಸೆಕೆಂಡಿಗೆ 0.4 ಲೀಟರ್. ಇದೇ ವೇಗದಲ್ಲಿ 24 ಗಂಟೆ ಹರಿದರೆ 34,560 ಲೀಟರ್. ಮೂರು ಸಲ ಅಳೆದು ಸರಾಸರಿ ತೆಗೆಯಿರಿ. ಮಧ್ಯಾಹ್ನ ಎರಡರ ಹೊತ್ತಿಗೂ ಒಮ್ಮೆ ಅಳೆಯಿರಿ, ಬೆಳಗಿನ ಅಂಕಿಯೊಂದನ್ನೇ ದಿನಪೂರ್ತಿಗೆ ಹಿಗ್ಗಿಸಿದರೆ ಲೆಕ್ಕ ಉಬ್ಬುತ್ತದೆ. ಎದುರಿನ ಅಧಿಕಾರಿಗೆ ಅದು ತಿಳಿದರೆ ಉಳಿದ ಅಂಕಿಗಳನ್ನೂ ನಂಬುವುದಿಲ್ಲ.

ಇಡೀ ಕಾಲುವೆಗೆ ಕಿತ್ತಳೆ ಹಣ್ಣು ತೇಲಿಬಿಡಿ. ಅರ್ಧಕ್ಕಿಂತ ಹೆಚ್ಚು ಮುಳುಗಿಯೇ ತೇಲುವುದರಿಂದ ಗಾಳಿಗೆ ಓಡುವುದಿಲ್ಲ, ದೂರದಿಂದಲೂ ಕಾಣುತ್ತದೆ. ಬಾಟಲಿ, ಥರ್ಮಾಕೋಲ್ ಬೇಡ. ನೇರವಾಗಿರುವ 5 ಮೀಟರ್ ಉದ್ದ ಗುರುತಿಸಿ, ದಾಟಲು ಹಿಡಿದ ಸಮಯ ನೋಡಿ. ನೀರಿನ ಅಗಲ 1.2 ಮೀಟರ್, ಆಳ 0.1 ಮೀಟರ್, 5 ಮೀಟರಿಗೆ 20 ಸೆಕೆಂಡ್ ಎಂದುಕೊಳ್ಳಿ. ವೇಗ ಸೆಕೆಂಡಿಗೆ 0.25 ಮೀಟರ್. ಮೇಲಿನ ನೀರು ತಳದ ನೀರಿಗಿಂತ ಬೇಗ ಓಡುವುದರಿಂದ 0.85ರಿಂದ ಗುಣಿಸಬೇಕು: 1.2 × 0.1 × 0.25 × 0.85 = 0.0255 ಘನ ಮೀಟರ್. ಅಂದರೆ ಸೆಕೆಂಡಿಗೆ 25 ಲೀಟರ್ ಚಿಲ್ಲರೆ, ದಿನಕ್ಕೆ ಸುಮಾರು 22 ಲಕ್ಷ ಲೀಟರ್. ಮೊಣಕಾಲೂ ಮುಳುಗದ, ಯಾರೂ ತಿರುಗಿ ನೋಡದ ಹರಿವು ಇದು. ಆಳವನ್ನು ಪಿವಿಸಿ ಕೋಲಿನಿಂದ ಅಡ್ಡಕ್ಕೆ ಮೂರು ಕಡೆ ನೋಡಿ. ತಳದಲ್ಲಿ ಹೂಳಿದ್ದರೆ ಕೋಲು ಅದರೊಳಗೆ ಇಳಿದು ಆಳ ಸುಳ್ಳಾಗುತ್ತದೆ, ಕೋಲಿನ ತುದಿಗೆ ಅಂಗೈಯಗಲದ ತಟ್ಟೆ ಬಿಗಿದರೆ ಈ ತೊಂದರೆ ಇಲ್ಲ.

ಕೆರೆಯ ನೀರಿನ ಪರೀಕ್ಷೆ

ಪಿಎಚ್ ಮೀಟರನ್ನು ಪ್ರತಿ ನಡಿಗೆಯ ಮುಂಚೆ 4 ಮತ್ತು 7ರ ಬಫರ್ ದ್ರಾವಣದಲ್ಲಿ, ಇಸಿ ಮೀಟರನ್ನು 1413 ಮೈಕ್ರೋಸೀಮೆನ್ಸ್ ದ್ರಾವಣದಲ್ಲಿ ಸರಿಮಾಡಿ. ಪಿಎಚ್ ಮೀಟರಿನ ತುದಿ ಒಣಗಿದರೆ ಕೆಟ್ಟಂತೆಯೇ. ಟಿಡಿಎಸ್ (ಕರಗಿದ ಲವಣಗಳ ಪ್ರಮಾಣ) ಬರೆಯಬೇಡಿ, ಇಸಿಯನ್ನೇ ಬರೆಯಿರಿ. ಒಂದೊಂದು ಕಂಪನಿಯ ಮೀಟರ್ ಒಂದೊಂದು ಗುಣಕ ಹಾಕಿ ಟಿಡಿಎಸ್ ತೋರಿಸುತ್ತದೆ, ಮೀಟರ್ ಬದಲಾದರೆ ಹಳೆಯ ಅಂಕಿ ಹೋಲಿಕೆಗೆ ಬಾರದು.

ಎಲ್ಲರೂ ತಪ್ಪು ಓದುವುದು ಕರಗಿದ ಆಮ್ಲಜನಕವನ್ನು. ಮೀನು ಬದುಕುವ ನೀರಿಗೆ ಲೀಟರಿಗೆ 4 ಮಿಲಿಗ್ರಾಂಗೆ ಕಡಿಮೆಯಿರಬಾರದು ಎಂಬುದು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಮಾನದಂಡ. ಬೆಂಗಳೂರಿನ ಎತ್ತರದಲ್ಲಿ, 25 ಡಿಗ್ರಿ ಬಿಸಿಯ ನೀರು ಗಾಳಿಯಿಂದ ಹಿಡಿದಿಡಬಲ್ಲದ್ದು ಸುಮಾರು 7.4 ಮಾತ್ರ. ಮಧ್ಯಾಹ್ನ ಮೂರಕ್ಕೆ ನಿಮಗೆ 11 ಬಂದರೆ ಖುಷಿಪಡಬೇಡಿ. ಹಸಿರು ಪಾಚಿ ಬಿಸಿಲಿನಲ್ಲಿ ಆಮ್ಲಜನಕ ಉಕ್ಕಿಸುತ್ತಿದೆ ಎಂದರ್ಥ. ಅದೇ ಪಾಚಿ ರಾತ್ರಿಯೆಲ್ಲ ಉಸಿರಾಡಿ ಅದನ್ನು ಖಾಲಿ ಮಾಡುತ್ತದೆ. ಆದ್ದರಿಂದ ಒಂದು ಅಳತೆ ಸೂರ್ಯ ಹುಟ್ಟುವ ಮುಂಚೆ, ಒಂದು ಮಧ್ಯಾಹ್ನ. ಇವೆರಡರ ಅಂತರ ದೊಡ್ಡದಾದಷ್ಟೂ ಕೆರೆ ಅಪಾಯದ ಅಂಚಿನಲ್ಲಿದೆ. ಮಾರ್ಚ್‌ನಿಂದ ಮೇವರೆಗಿನ ಮೊದಲ ಮಳೆಗಳು ಕಾಲುವೆಯಲ್ಲಿ ತಿಂಗಳುಗಟ್ಟಲೆ ಕೂತ ಕೊಳಕನ್ನೆಲ್ಲ ಒಮ್ಮೆಗೇ ತಳ್ಳುತ್ತವೆ. 2016ರ ಮಾರ್ಚ್‌ನಲ್ಲಿ ಹಲಸೂರು ಕೆರೆಯಲ್ಲಿ ಮೀನುಗಳು ರಾಶಿರಾಶಿಯಾಗಿ ಸತ್ತು ತೇಲಿದ್ದು ನೆನಪಿರಬಹುದು. ಮೀನು ಬೆಳಿಗ್ಗೆ ಮೇಲೆ ಬಂದು ಬಾಯಿ ತೆರೆದು ಗುಟುಕರಿಸುತ್ತಿದ್ದರೆ ಅದೇ ಮುನ್ಸೂಚನೆ, ಅಂದೇ ಕೆರೆ ವಿಭಾಗಕ್ಕೆ ಫೋನ್ ಮಾಡಿ.

ಮಾದರಿಯನ್ನು ನೀರಿನ ಮಟ್ಟದಿಂದ ಒಂದು ಅಡಿ ಕೆಳಗೆ, ಬಾಟಲಿಯಲ್ಲಿ ಒಂದು ಗುಳ್ಳೆಯೂ ಉಳಿಯದಂತೆ ತುಂಬಿ, ಹನಿಗಳನ್ನು ಅಲ್ಲೇ ಹಾಕಿ. ಮನೆಗೆ ತಂದು ಅಳೆದರೆ ಆ ಅಂಕಿ ನಿಮ್ಮ ಬಾಟಲಿಯದು, ಕೆರೆಯದಲ್ಲ. ಬಿಒಡಿ (ನೀರಿನ ಕೊಳೆ ಕರಗಿಸಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕ), ಕೋಲಿಫಾರ್ಮ್ (ಮಲ ಸೇರಿದ್ದನ್ನು ಸೂಚಿಸುವ ಬ್ಯಾಕ್ಟೀರಿಯಾ) ಪರೀಕ್ಷೆಗೆ ಮಾನ್ಯತೆ ಪಡೆದ ಲ್ಯಾಬ್ ಬೇಕು. ಅವರಿಂದಲೇ ಶುದ್ಧೀಕರಿಸಿದ ಬಾಟಲಿ ಪಡೆದು, ಐಸ್ ಡಬ್ಬಿಯಲ್ಲಿಟ್ಟು ಆರು ಗಂಟೆಯೊಳಗೆ ತಲುಪಿಸಿ. ವರ್ಷಕ್ಕೆ ಮೂರು ಸಲ ಸಾಕು: ಏಪ್ರಿಲ್, ಆಗಸ್ಟ್, ಡಿಸೆಂಬರ್.

ಕಸ ತಡೆಯುವ ಬಲೆ

ಕಾಲುವೆ ಕೆರೆಗೆ ಸೇರುವ ಬಾಯಲ್ಲಿ ತೇಲುವ ತಡೆ ಹಾಕಬಹುದು, ಮಳೆನೀರು ಕಾಲುವೆ ವಿಭಾಗದ ಇಂಜಿನಿಯರ್ ಲಿಖಿತ ಒಪ್ಪಿಗೆ ಕೊಟ್ಟ ಮೇಲೆ. ಮುಚ್ಚಳ ಭದ್ರ ಮಾಡಿದ 20 ಲೀಟರ್ ಕ್ಯಾನುಗಳನ್ನು ಹಗ್ಗಕ್ಕೆ ಪೋಣಿಸಿ, ಕೆಳಗೆ ಒಂದಡಿ ಬಲೆ ಇಳಿಬಿಡಿ. ಕಾಲುವೆಗೆ ನೇರ ಅಡ್ಡವಾಗಿ ಕಟ್ಟಿದರೆ ನೀರಿನ ಒತ್ತಡಕ್ಕೆ ಬಿಲ್ಲಿನಂತೆ ಬಾಗಿ ನಡುವೆ ಕಿತ್ತುಹೋಗುತ್ತದೆ. 30ರಿಂದ 45 ಡಿಗ್ರಿ ಓರೆಯಾಗಿ ಕಟ್ಟಿದರೆ ಕಸ ತಾನಾಗಿ ಒಂದು ದಂಡೆಗೆ ಸರಿಯುತ್ತದೆ, ಅಲ್ಲಿಂದ ಉದ್ದ ಹಿಡಿಯ ಕೊಕ್ಕೆಯಿಂದ ಎಳೆಯಬಹುದು. ಬಲೆ ತಳ ಮುಟ್ಟಿದರೆ ಅದು ಒಡ್ಡಾಗುತ್ತದೆ, ಮೇಲಿನ ತಗ್ಗು ಮನೆಗಳಿಗೆ ನೀರು ನುಗ್ಗುತ್ತದೆ. ಈ ತಪ್ಪು ಆಗಲೇಬಾರದು. ಒಂದು ಬದಿಯ ಗಂಟಿಗೆ ತೆಳ್ಳಗಿನ ಹಗ್ಗ ಬಳಸಿ, ಪ್ರವಾಹ ಬಂದರೆ ಅದು ತುಂಡಾಗಿ ತಡೆ ದಂಡೆಗೆ ಸರಿದುಕೊಳ್ಳಲಿ. ಜೋರು ಮಳೆಯ ಮುನ್ಸೂಚನೆ ಬಂದ ದಿನ ಮೊದಲೇ ಬಿಚ್ಚಿಡಿ. ಎರಡು ದಿನಕ್ಕೊಮ್ಮೆ ತೆಗೆಯುವ ಜನ ಇಲ್ಲದಿದ್ದರೆ ಇದನ್ನು ಹಾಕಲೇಬೇಡಿ.

ದೂರು: ಯಾರಿಗೆ, ಹೇಗೆ

ಒಳ್ಳೆಯ ದೂರುಗಳೂ ಸಾಯುವುದು ತಪ್ಪು ಕಚೇರಿಗೆ ಹೋಗಿ. ಕಾಲುವೆಯ ಗೋಡೆ, ಹೂಳು, ಕಸ ಪಾಲಿಕೆಯ ಮಳೆನೀರು ಕಾಲುವೆ ವಿಭಾಗದ ಹೊಣೆ. 2025ರ ಸೆಪ್ಟೆಂಬರ್‌ನಿಂದ ಬಿಬಿಎಂಪಿ ಜಾಗದಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರದಡಿ ಐದು ಪಾಲಿಕೆಗಳಿವೆ, ನಿಮ್ಮದು ಯಾವುದೆಂದು ಮೊದಲು ನೋಡಿ. ಒಳಚರಂಡಿ ಪೈಪ್, ಉಕ್ಕುವ ಮ್ಯಾನ್‌ಹೋಲ್ ಜಲಮಂಡಳಿಯದು, ಸಹಾಯವಾಣಿ 1916. ಕಾರ್ಖಾನೆ ನೀರು, ಅಪಾರ್ಟ್‌ಮೆಂಟಿನ ಕೊಳಚೆ ಸಂಸ್ಕರಣಾ ಘಟಕದಿಂದ (ಎಸ್‌ಟಿಪಿ) ಬಿಟ್ಟದ್ದು ರಾಜ್ಯ ಮಾಲಿನ್ಯ ನಿಯಂತ್ರಣ ಮಂಡಳಿಗೆ. ಒತ್ತುವರಿಯಾದರೆ ತಹಶೀಲ್ದಾರರಿಗೆ, ಸರ್ವೆ ಮಾಡಿಸಿ ಎಂಬ ಕೋರಿಕೆಯೊಂದಿಗೆ.

ಗೊಂದಲ ಹುಟ್ಟುವುದು ಏಕೆಂದರೆ ಒಳಚರಂಡಿಯ ದೊಡ್ಡ ಪೈಪುಗಳೂ ಇಳಿಜಾರು ಹುಡುಕಿ ಇದೇ ಕಾಲುವೆಗಳ ಪಕ್ಕದಲ್ಲಿ, ಕೆಲವೆಡೆ ಒಳಗೇ, ಸಾಗುತ್ತವೆ. ಮಳೆಗಾಲದಲ್ಲಷ್ಟೇ ಉಕ್ಕುವ ಮ್ಯಾನ್‌ಹೋಲ್ ಕಂಡರೆ ಕಾರಣ ಹೆಚ್ಚಾಗಿ ಮೇಲಿನ ಮನೆಗಳಲ್ಲಿದೆ. ತಾರಸಿಯ ಮಳೆನೀರಿನ ಪೈಪನ್ನು ಒಳಚರಂಡಿಯ ಚೇಂಬರಿಗೆ ಸೇರಿಸಿರುತ್ತಾರೆ. 30×40 ಸೈಟಿನ ತಾರಸಿಯ ಮೇಲೆ 20 ಮಿಲಿಮೀಟರ್ ಮಳೆ ಬಿದ್ದರೆ ಎರಡು ಸಾವಿರ ಲೀಟರಿಗೂ ಹೆಚ್ಚು ನೀರು, ನೂರು ಮನೆಗಳಿಗೆ ಎರಡು ಲಕ್ಷ. ಆ ಪೈಪಿಗೆ ಅಷ್ಟು ಹಿಡಿಯುವ ಶಕ್ತಿಯಿಲ್ಲ. ನಿಮ್ಮ ತಂಡದವರ ಮನೆಗಳಿಂದಲೇ ಶುರುಮಾಡಿ ಆ ಪೈಪನ್ನು ಇಂಗುಬಾವಿಗೆ ತಿರುಗಿಸಿ. ಮೂರಡಿ ಅಗಲ, ಇಪ್ಪತ್ತಡಿ ಆಳದ ಬಾವಿಗೆ ನಾಲ್ಕು ಸಾವಿರ ಲೀಟರ್ ಹಿಡಿಯುತ್ತದೆ.

ದೂರಿನ ಪತ್ರ ಹೀಗಿರಲಿ:

‘ವಿಷಯ: ಪೈಪ್ ಬಲ-4ರಿಂದ ರಾಜಕಾಲುವೆಗೆ ಕೊಳಚೆ ಸೇರುತ್ತಿರುವುದನ್ನು ನಿಲ್ಲಿಸುವ ಕುರಿತು. ಸ್ಥಳ: (ರಸ್ತೆ, ಗುರುತು, ಲೊಕೇಶನ್). ನೋಡಿದ ದಿನಗಳು: (ಮೂರು ದಿನಾಂಕ, ಸಮಯ, ಹಿಂದಿನ 72 ಗಂಟೆ ಮಳೆ ಇರಲಿಲ್ಲ). ಹರಿವು: ಸೆಕೆಂಡಿಗೆ 0.4 ಲೀಟರ್. ಅಮೋನಿಯ: (ಅಂಕಿ). ಫೋಟೊ ಲಗತ್ತಿಸಿದೆ. ಕೋರಿಕೆ: ಈ ಪೈಪನ್ನು ಪರಿಶೀಲಿಸಿ ಒಳಚರಂಡಿಗೆ ಜೋಡಿಸುವುದು. ಪರಿಶೀಲನೆಯ ದಿನ ತಿಳಿಸಿದರೆ ಜಾಗ ತೋರಿಸಲು ನಮ್ಮವರು ಬರುತ್ತಾರೆ.’

ಒಂದು ಪತ್ರದಲ್ಲಿ ಒಂದೇ ಪೈಪ್, ಒಂದೇ ಕೋರಿಕೆ. ಹನ್ನೆರಡು ಸಮಸ್ಯೆಗಳ ಪತ್ರ ಕೊಟ್ಟರೆ ಸುಲಭದ್ದೊಂದನ್ನು ಮುಗಿಸಿ ಇಡೀ ದೂರನ್ನು ‘ಪರಿಹರಿಸಲಾಗಿದೆ’ ಎಂದು ಮುಚ್ಚುತ್ತಾರೆ. ಜಾಗ ತೋರಿಸಲು ಬರುತ್ತೇವೆ ಎಂಬ ಪತ್ರದ ಕೊನೆಯ ಸಾಲು ಬಿಡಬೇಡಿ. ವಾರ್ಡ್ ಇಂಜಿನಿಯರಿಗೆ ನೋಡಿಕೊಳ್ಳಬೇಕಾದ ಕಾಲುವೆ ಉದ್ದ ಬಹಳ, ಜೊತೆಗೆ ನಿಂತು ತೋರಿಸುವವರಿದ್ದರೆ ಅವರಿಗೂ ಕೆಲಸ ಹಗುರ. ತಿಂಗಳಾದರೂ ಉತ್ತರ ಬಾರದಿದ್ದರೆ ಮಾಹಿತಿ ಹಕ್ಕಿನಡಿ ಅರ್ಜಿ ಹಾಕಿ: ಶುಲ್ಕ 10 ರೂಪಾಯಿ, ಉತ್ತರಕ್ಕೆ 30 ದಿನ. ಕರ್ನಾಟಕದಲ್ಲಿ ಅರ್ಜಿ 150 ಪದ ಮೀರಬಾರದು, ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು. ‘ಯಾಕೆ ಮಾಡಿಲ್ಲ’ ಎಂದು ಕೇಳಬೇಡಿ, ಅದು ಮಾಹಿತಿಯಲ್ಲವೆಂದು ತಿರಸ್ಕರಿಸುತ್ತಾರೆ. ‘ಇಂಥ ಸಂಖ್ಯೆಯ ದೂರಿನ ಮೇಲೆ ಕೈಗೊಂಡ ಕ್ರಮದ ದಾಖಲೆಯ ಪ್ರತಿ ಕೊಡಿ’ ಎಂದು ಕೇಳಿ.

ಪೈಪ್ ಮುಚ್ಚಿದರು ಎಂದು ಫೋನ್ ಬಂದ ದಿನವೇ ಪುಸ್ತಕದಲ್ಲಿ ಗೆರೆ ಎಳೆಯಬೇಡಿ. ಬರೀ ಸಿಮೆಂಟ್ ಮೆತ್ತಿ ಮುಚ್ಚಿದ್ದರೆ ಒತ್ತಡಕ್ಕೆ ಕೆಲವೇ ವಾರಗಳಲ್ಲಿ ಒಡೆಯುತ್ತದೆ, ಇಲ್ಲವೇ ಹತ್ತು ಮೀಟರ್ ಮೇಲೆ ಹೊಸ ಬಾಯಿ ತೆರೆಯುತ್ತದೆ. ಮೂರು ಒಣ ದಿನದ ನಡಿಗೆಗಳಲ್ಲಿ, ಅದರಲ್ಲೊಂದು ಬೆಳಿಗ್ಗೆ ಏಳರಿಂದ ಹತ್ತರೊಳಗೆ, ಬಲ-4 ಒಣಗಿಯೇ ಇತ್ತು ಎಂದು ಮೂರು ಫೋಟೊ ಸಿಕ್ಕ ಮೇಲೆ ಹಸಿರು ಗುರುತು ಹಾಕಿ. ಮತ್ತೆ ಹರಿದರೆ ಹೊಸ ದೂರು ಬೇಡ, ಹಳೆಯ ದೂರಿನ ಸಂಖ್ಯೆಯನ್ನೇ ನಮೂದಿಸಿ ಅದೇ ಇಂಜಿನಿಯರಿಗೆ ಬರೆಯಿರಿ.